ಚೀನೀ ಡಾಕ್ಟರು ಕಟ್ಟಿದ ಹಲ್ಲು

ನನ್ನ ಮೊಮ್ಮಗಳಿಗೆ ಹದಿನಾಲ್ಕು ವರ್ಷ. ಶಾಲೆಯಿಂದ ಬಂದವಳೇ ಕೊರಿಯಾದ ಧಾರಾವಾಹಿಗಳ ಮುಂದೆ ಕೂರುತ್ತಾಳೆ. ಅವಳ ಅಜ್ಜಿ ಮಾಡಿದ ಉಪ್ಪಿಟ್ಟನ್ನು ಮುಟ್ಟದವಳು, ಬಟ್ಟಲಿನಲ್ಲಿ ಬಿಸಿನೀರು ಸುರಿದು ಕೆಂಪಗಿನ ಶಾವಿಗೆಯಂಥದ್ದನ್ನು ಕಣ್ಣೀರು ಸುರಿಸಿಕೊಂಡು ತಿನ್ನುತ್ತಾಳೆ. ಒಂದು ಶನಿವಾರ ಅವಳು ಕೇಳಿದಳು: "ತಾತ, ಕಲ್ಕತ್ತಾದಲ್ಲಿ ಚೈನಾ ಟೌನ್ ಇದೆಯಂತೆ. ಬೆಂಗಳೂರಲ್ಲಿ ಯಾಕಿಲ್ಲ?"

"ಇಲ್ಲ ಅಂತ ಯಾರು ಹೇಳಿದರು? ನಾಳೆ ಬಾ, ತೋರಿಸ್ತೀನಿ" ಎಂದುಬಿಟ್ಟೆ. ಹೇಳಿದ ಮೇಲೆ ಏನು ತೋರಿಸುವುದೆಂದು ಯೋಚನೆಯಾಯಿತು. ದಂಡಿನಲ್ಲಿ ಚೀನೀಯರಿದ್ದದ್ದು ನಿಜ. ಆದರೆ ಕಮಾನು ಕಟ್ಟಿ ಕೆಂಪು ದೀಪ ತೂಗುಹಾಕಿದ ಕೇರಿ ಅವರಿಗೆ ಇಲ್ಲಿ ಎಂದೂ ಇರಲಿಲ್ಲ. ಒಂದು ಬೀದಿಯಲ್ಲಿ ಹಲ್ಲಿನ ಡಾಕ್ಟರು, ಇನ್ನೊಂದರಲ್ಲಿ ಬೂಟು ಹೊಲಿಯುವವರು, ಮತ್ತೊಂದರಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ, ಅಲ್ಲೊಂದು ಇಲ್ಲೊಂದು ಹೋಟೆಲು. ಊರಿಗೆ ಬೇಕಾದ ಕೆಲಸ ಹಿಡಿದು ಊರಿನಲ್ಲೇ ಚದುರಿ ಬದುಕಿದವರು ಅವರು.

ಮರುದಿನ ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆವು. ಈ ಮೆಟ್ರೋದಲ್ಲಿಯೇ ಅವಳ ಪ್ರಶ್ನೆಗೆ ಅರ್ಧ ಉತ್ತರವಿದೆ. ಮೊದಲ ಹಂತದ ಗಾಡಿಗಳನ್ನು ನಮ್ಮ ಬಿಇಎಂಎಲ್‌ನವರು ಕೊರಿಯಾದ ಹ್ಯುಂಡೈ ರೋಟೆಮ್ ಜೊತೆ ಸೇರಿ ಒದಗಿಸಿದರು. ಆಮೇಲೆ 216 ಬೋಗಿಗಳ ಗುತ್ತಿಗೆ ಚೀನಾದ ಕಂಪನಿಗೆ ಹೋಯಿತು. ಅದರ ಮೊದಲ ಗಾಡಿ ಬೆಂಗಳೂರು ಮುಟ್ಟಿದ್ದು 2024ರ ಫೆಬ್ರವರಿಯಲ್ಲಿ. 2020ರಲ್ಲಿ ಗಡಿಯಲ್ಲಿ ರಕ್ತ ಹರಿದ ಮೇಲೆ ಅಲ್ಲಿನ ಎಂಜಿನಿಯರುಗಳಿಗೆ ವೀಸಾ ಸಿಗುವುದೂ ಕಷ್ಟವಾಗಿ ಕೆಲಸ ತಡವಾಯಿತು.

ಇಂದಿರಾನಗರದಿಂದ ಇನ್ನೂ ಪೂರ್ವಕ್ಕೆ ಎಚ್‌ಎಎಲ್ ಇದೆ. ಅದರ ಹುಟ್ಟಿನಲ್ಲೂ ಚೀನಾದ ಕಥೆಯಿದೆ ಎಂಬುದು ಎಷ್ಟೋ ಜನಕ್ಕೆ ತಿಳಿಯದು. 1939ರಲ್ಲಿ ವಾಲ್‌ಚಂದ್ ಹೀರಾಚಂದರಿಗೆ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಆತ ಜಪಾನಿನೊಡನೆ ಹೋರಾಡುತ್ತಿದ್ದ ಚೀನಾಕ್ಕೆ, ಬರ್ಮಾ ಗಡಿಯ ಲೋಯಿವಿಂಗ್ ಎಂಬಲ್ಲಿ ಕಾರ್ಖಾನೆ ಇಟ್ಟು ವಿಮಾನ ಜೋಡಿಸಿಕೊಡುತ್ತಿದ್ದ. ಆ ಪರಿಚಯ ಬೆಳೆದು, ಮೈಸೂರು ಸಂಸ್ಥಾನ ಜಾಗವನ್ನೂ 25 ಲಕ್ಷ ರೂಪಾಯಿಯನ್ನೂ ಕೊಟ್ಟು, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಚೀನಾಕ್ಕೆಂದು ಲೋಯಿವಿಂಗ್‌ನಲ್ಲಿ ಕಟ್ಟುತ್ತಿದ್ದ ಹಾಕ್ ಯುದ್ಧವಿಮಾನದ ಕೆಲಸ ಬೆಂಗಳೂರಿಗೆ ಬಂತು. ಇಲ್ಲಿ ಕಟ್ಟಿದ ಮೊದಲ ಹಾಕ್ 1942ರ ಜುಲೈಯಲ್ಲಿ ಹಾರಿತು. ಇಪ್ಪತ್ತು ವರ್ಷಗಳ ಮೇಲೆ ಅದೇ ಚೀನಾ ನಮಗೆ ಶತ್ರುವಾಯಿತು.

ಎಂ.ಜಿ. ರಸ್ತೆಯಲ್ಲಿಳಿದು ಕಾಮರಾಜ ರಸ್ತೆಯಲ್ಲಿ ನಡೆದು, ಕಮರ್ಷಿಯಲ್ ಸ್ಟ್ರೀಟು ದಾಟಿ ಶಿವಾಜಿನಗರದ ಗಲ್ಲಿಗಳಿಗೆ ಬಂದೆವು. ಬಳೆ, ಜರಿ, ಕಬಾಬಿನ ಹೊಗೆ, ದೂರದಲ್ಲಿ ಸೇಂಟ್ ಮೇರಿಯ ಬೆಸಿಲಿಕಾದ ಗೋಪುರ. "ಎಲ್ಲಿ ತಾತ ಚೈನಾ?" ಎಂದಳು. ನಾನು ಒಂದು ಮೊಬೈಲ್ ಅಂಗಡಿಯ ಮುಂದೆ ನಿಂತೆ. ಇದೇ ಜಾಗವೋ ಪಕ್ಕದ್ದೋ ಖಚಿತವಾಗಿ ಹೇಳಲಾರೆ. "ಇಲ್ಲಿ" ಎಂದೆ.

ನಮ್ಮೂರು ಮಾಲೂರು. ಅಪ್ಪ ಅಲ್ಲಿ ಶಾಲೆಯ ಮೇಷ್ಟ್ರು. ನಲವತ್ತೈದಕ್ಕೇ ಹಲ್ಲು ಉದುರಿ ಪಾಠ ಹೇಳುವಾಗ 'ಸ' ಎಂದರೆ ಗಾಳಿ ಬರುತ್ತಿತ್ತು. ಹಿಂದಿನ ಬೆಂಚಿನವರು ಅಣಕಿಸುತ್ತಿದ್ದರು. ದಂಡಿನ ಚೀನೀ ಡಾಕ್ಟರು ಚೆನ್ನಾಗಿ ಹಲ್ಲು ಕಟ್ಟುತ್ತಾರೆ, ದುಡ್ಡೂ ಕಡಿಮೆ ಎಂದು ಯಾರೋ ಹೇಳಿದರು. 1962ರ ಸೆಪ್ಟೆಂಬರಿನಲ್ಲಿ ಅಪ್ಪ ನನ್ನನ್ನೂ ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಕೃಷ್ಣರಾಜಪುರದ ಮೇಲೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದರು. ಅಂಗಡಿಯ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದ ಕೆಳಗೆ ಮನೆಯ ಚಿತ್ರದಂಥ ಚೀನೀ ಅಕ್ಷರಗಳು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ನಗುವ ಹಲ್ಲು ಸೆಟ್ಟುಗಳು. ಡಾಕ್ಟರು ಅಪ್ಪನ ಬಾಯಿಗೆ ಮೇಣದ ಅಚ್ಚು ಒತ್ತಿ, ಅರ್ಧ ಹಣ ಈಸಿಕೊಂಡು, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಕನ್ನಡ, ತಮಿಳು, ಹಿಂದೂಸ್ತಾನಿ ಎಲ್ಲವನ್ನೂ ದಂಡಿನ ಬೆರಕೆಯಲ್ಲಿ ಆಡುತ್ತಿದ್ದರು.

ಒಂದು ತಿಂಗಳಿಗೆ, ಅಕ್ಟೋಬರ್ 20ಕ್ಕೆ, ಯುದ್ಧ ಶುರುವಾಯಿತು. ನಮ್ಮ ಶಾಲೆಯ ಮೈದಾನದಲ್ಲಿ ಚೌ ಎನ್‌ಲಾಯ್ ಬೊಂಬೆ ಸುಟ್ಟೆವು. ರಾಷ್ಟ್ರೀಯ ರಕ್ಷಣಾ ನಿಧಿಗೆ ಹಣ ಎತ್ತಲು ಅಪ್ಪನೇ ಮುಂದಾಗಿ ಮನೆಮನೆಗೆ ಹೋದರು. ಅಮ್ಮ ಕಿವಿಯ ಓಲೆ ಬಿಚ್ಚಿಕೊಟ್ಟಳು. ಅಂಥ ಮೇಷ್ಟ್ರು ಚೀನೀಯನ ಅಂಗಡಿಗೆ ಹೋಗಿ ಹಲ್ಲು ತರುವುದೆಂದರೇನು? "ಬಿಡಿ ಮೇಷ್ಟ್ರೇ, ಅರ್ಧ ದುಡ್ಡು ಹೋದರೆ ಹೋಯ್ತು" ಎಂದರು ಊರವರು. ಅಪ್ಪ ಬೊಚ್ಚುಬಾಯಲ್ಲೇ ದೇಶಭಕ್ತಿಯ ಭಾಷಣ ಮಾಡಿದರು. ನವೆಂಬರ್ ಕಳೆಯಿತು, ಯುದ್ಧವೂ ನಿಂತಿತು. ಡಿಸೆಂಬರಿನಲ್ಲಿ ಒಂದು ದಿನ, ಬೆಂಗಳೂರಿಗೆ ಪುಸ್ತಕ ತರಲು ಹೋಗುತ್ತೇನೆಂದು ಅಮ್ಮನಿಗೂ ಸುಳ್ಳು ಹೇಳಿ, ನನ್ನ ಕೈಹಿಡಿದು ಹೊರಟರು.

ಬೋರ್ಡಿನಲ್ಲಿದ್ದ ಚೀನೀ ಅಕ್ಷರಗಳ ಮೇಲೆ ಹಸಿರು ಬಣ್ಣ ಬಳಿದಿತ್ತು. ಅರ್ಧ ಬಾಗಿಲು ಮುಚ್ಚಿತ್ತು. ಡಾಕ್ಟರು ಅಪ್ಪನನ್ನು ನೋಡಿ ಒಳಗೆ ಹೋಗಿ ಒಂದು ಸೀಸೆ ತಂದರು. ನೀರಿನಲ್ಲಿ ಹಲ್ಲು ಸೆಟ್ಟು; ಸೀಸೆಗೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಮಾಲೂರು ಟೀಚರ್' ಎಂದು ಬರೆದಿತ್ತು. "ವಾರಕ್ಕೊಂದು ಸಲ ನೀರು ಬದಲಾಯಿಸಿದೀನಿ ಸ್ವಾಮಿ" ಎಂದರು. ಯಾಕೆ ತಡವಾಯಿತೆಂದು ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ನಾನು ಹತ್ತು ವರ್ಷದವನು, ಶಾಲೆಯಲ್ಲಿ ಕಲಿತದ್ದೆಲ್ಲ ಬಾಯಲ್ಲಿತ್ತು. "ನೀವು ಯಾವಾಗ ನಿಮ್ಮ ದೇಶಕ್ಕೆ ಹೋಗ್ತೀರಿ?" ಎಂದು ಕೇಳಿಬಿಟ್ಟೆ. ಅವರು ಉಜ್ಜುಕಾಗದದಿಂದ ಹಲ್ಲಿನ ಅಂಚು ನಯ ಮಾಡುತ್ತಲೇ, "ನಾನು ಹುಟ್ಟಿದ್ದು ಕಲ್ಕತ್ತಾ ಮರಿ. ನನ್ನ ಮಕ್ಕಳು ಹುಟ್ಟಿದ್ದು ಈ ಗಲ್ಲಿ" ಎಂದರು.

ಕಲ್ಕತ್ತಾ ಎಂದರೆ ಏನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹದಿನೆಂಟನೆಯ ಶತಮಾನದ ಕೊನೆಗೆ ಯಾಂಗ್ ತಾಯ್ ಚೌ ಎಂಬಾತ ವಾರನ್ ಹೇಸ್ಟಿಂಗ್ಸನಿಂದ ಜಮೀನು ಪಡೆದು ಹೂಗ್ಲಿ ದಂಡೆಯಲ್ಲಿ ಸಕ್ಕರೆ ಮಾಡಲು ನಿಂತ; ಆ ಊರಿಗೆ ಈಗಲೂ ಅವನ ಹೆಸರಿನಿಂದ ಅಚಿಪುರ ಎನ್ನುತ್ತಾರೆ. ಅವನ ಹಿಂದೆ ಜನ ಬಂದರು: ಕ್ಯಾಂಟನ್ನಿನ ಬಡಗಿಗಳು, ಚರ್ಮದ ಕೆಲಸದ ಹಕ್ಕಾಗಳು, ಹಲ್ಲಿನ ಕಸುಬಿನ ಹುಬೇ ಪ್ರಾಂತ್ಯದವರು. ಅಲ್ಲಿ ಅಂಗಡಿಗಳು ದಟ್ಟವಾದಂತೆ ಕೆಲವರು ಬೇರೆ ಊರುಗಳ ಹಾದಿ ಹಿಡಿದರು. ಬೂಟು ತೊಡುವ ಸಿಪಾಯಿಗಳೂ ಹಲ್ಲು ಕೀಳಿಸಿಕೊಳ್ಳುವ ದೊರೆಗಳೂ ಇದ್ದ ದಂಡು, ಅಂಥವರನ್ನು ಸೆಳೆದದ್ದು ಸಹಜ.

1962ರಲ್ಲೇ ಒಂದು ಕಾನೂನು ಬಂತು. ತಾನು ಇಲ್ಲೇ ಹುಟ್ಟಿದ್ದರೂ, ತಂದೆತಾಯಿಯೋ ಅಜ್ಜ ಅಜ್ಜಿಯೋ ಶತ್ರುದೇಶದ ಪ್ರಜೆಯಾಗಿದ್ದರೆ ಅಂಥವನನ್ನು ವಿದೇಶೀಯನೆಂದೇ ಎಣಿಸಬಹುದೆಂಬುದು ಅದರ ಸಾರ. ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀಯರನ್ನು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಕಳಿಸಿದರು. ಸುಮಾರು 3,000 ಜನ ಅಲ್ಲಿದ್ದರು, ಕೆಲವರು ವರ್ಷಗಟ್ಟಲೆ. ಉಳಿದವರು ಪೊಲೀಸರಿಗೆ ತಿಳಿಸದೆ ಊರು ಬಿಡುವಂತಿರಲಿಲ್ಲ. ಮುಂದಿನ ದಶಕಗಳಲ್ಲಿ ದೇಶದ ಚೀನೀ ಕುಟುಂಬಗಳಲ್ಲಿ ಎಷ್ಟೋ ಟೊರಾಂಟೋ ಕಡೆ ವಲಸೆ ಹೋದವು. ನಮ್ಮ ಡಾಕ್ಟರ ಅಂಗಡಿಯೂ ಎಪ್ಪತ್ತರ ದಶಕದಲ್ಲಿ ಮುಚ್ಚಿತು. ಅವರ ಮಕ್ಕಳು ಕೆನಡಾದಲ್ಲಿದ್ದಾರೆಂದು ಪಕ್ಕದ ದರ್ಜಿ ಹೇಳಿದ್ದ.

ಮೊಮ್ಮಗಳು ಮಾತಾಡದೆ ಕೇಳಿಸಿಕೊಂಡಳು. ಆಮೇಲೆ ಹಸಿವು ಎಂದಳು. ಕೊರಿಯಾ ಊಟವೇ ಆಗಬೇಕು. ಆಟೋದಲ್ಲಿ ಕೋಲ್ಸ್ ಪಾರ್ಕ್, ಲಿಂಗರಾಜಪುರ ದಾಟಿ ಕಮ್ಮನಹಳ್ಳಿಗೆ ಹೋದೆವು. ಅಲ್ಲಿಂದ ಕೊತ್ತನೂರಿನವರೆಗೆ ಓದಲು, ಕೆಲಸಕ್ಕೆ ಬಂದ ಕೊರಿಯನ್ನರು ಸಾಕಷ್ಟು ಮಂದಿ ಇದ್ದಾರೆ. ಎಲೆಕೋಸನ್ನು ಉಪ್ಪು ಖಾರ ಹಾಕಿ ಹುಳಿಬರಿಸಿದ ಕಿಮ್ಚಿಯನ್ನು ಮೊದಲು ತಂದಿಟ್ಟರು. ಬಾಯಿಗಿಟ್ಟರೆ ನಮ್ಮ ಉಪ್ಪಿನಕಾಯಿಯ ದೂರದ ನೆಂಟ.

ತಿನ್ನುತ್ತ ಅವಳಿಗೆ ಮಡಿಕೇರಿಯ ತಿಮ್ಮಯ್ಯನವರ ಕಥೆ ಹೇಳಿದೆ. ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿದ್ದಾರೆ, ಅವರು ಓದಿದ್ದೂ ಇದೇ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ, ಕೊರಿಯನ್ ಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಎಂಬತ್ತಕ್ಕೂ ಹೆಚ್ಚು ಕೈದಿಗಳು ಎರಡು ಕಡೆಗೂ ಹೋಗುವುದಿಲ್ಲವೆಂದು ಹಟ ಹಿಡಿದು, 1954ರ ಫೆಬ್ರವರಿಯಲ್ಲಿ ನಮ್ಮ ಸೈನಿಕರ ಜೊತೆ ಹಡಗಿನಲ್ಲಿ ಮದರಾಸಿಗೆ ಬಂದರು. ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರೆ ಕೆಲವರು ಇಲ್ಲೇ ನಿಂತರು. ಊರಿಲ್ಲದವರಿಗೆ ಜಾಗ ಕೊಟ್ಟ ದೇಶವೇ ಎಂಟು ವರ್ಷದಲ್ಲಿ ಊರಿದ್ದವರನ್ನು ಪರಕೀಯರನ್ನಾಗಿ ಮಾಡಿತಲ್ಲ ಎಂದು ಈಗ ಅನ್ನಿಸುತ್ತದೆ.

ಹಣ ಕೊಡುವಾಗ ಗಲ್ಲೆಯಲ್ಲಿದ್ದ ಹುಡುಗಿಯನ್ನು ನನ್ನ ಹಿಂದಿದ್ದ ಗೃಹಸ್ಥರೊಬ್ಬರು ಇಂಗ್ಲಿಷಿನಲ್ಲಿ, "ಕೊರಿಯಾನಾ, ಚೈನಾನಾ? ಯಾವಾಗ ವಾಪಸ್ಸು ಹೋಗ್ತೀಯಮ್ಮಾ?" ಎಂದು ವಿಶ್ವಾಸದಿಂದಲೇ ಕೇಳಿದರು. ಅವಳು "ಮಣಿಪುರ ಸಾರ್" ಎಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಹೇಳಿ, ಚಿಲ್ಲರೆ ಎಣಿಸಿ ಕೊಟ್ಟಳು. ನನಗೆ 2012ರ ಆಗಸ್ಟ್ ನೆನಪಾಯಿತು. ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲು ಹತ್ತಿದ ದಿನಗಳವು. ನಮ್ಮ ಬೀದಿಯ ಕಾವಲಿನ ಅಸ್ಸಾಮಿ ಹುಡುಗ ಚೀಲ ಹೆಗಲಿಗೇರಿಸಿ ನಮಸ್ಕಾರ ಮಾಡಿದಾಗ, "ಹೋಗಬೇಡಪ್ಪ, ನಾವಿದ್ದೀವಿ" ಎನ್ನಬೇಕಿತ್ತು. ನಾನು "ಜೋಪಾನ" ಎಂದಷ್ಟೇ ಹೇಳಿ ಗೇಟು ಹಾಕಿಕೊಂಡಿದ್ದೆ.

ಮನೆಗೆ ಬರುವಾಗ ಮೊಮ್ಮಗಳು ಕೇಳಿದಳು: "ಮುತ್ತಾತ ಆ ಡಾಕ್ಟರಿಗೆ ಸಾರಿ ಹೇಳಿದರಾ?"

ಇಲ್ಲ. ಬಾಕಿ ಹಣ ಎಣಿಸಿ ಕೊಟ್ಟು, ಹಲ್ಲು ಹಾಕಿಕೊಂಡು, ಕನ್ನಡಿ ನೋಡಿಕೊಂಡು ಹೊರಟರು. ಸ್ಟೇಷನ್ನಿನಲ್ಲಿ ಕೂತಿದ್ದಾಗ ಒಮ್ಮೆ, "ನೀನು ಹಾಗೆ ಕೇಳಬಾರದಾಗಿತ್ತು ಕಣೋ" ಎಂದರು. 'ಸ' ಸ್ವಚ್ಛವಾಗಿ ಬಂತೇ ಎಂದು ನೋಡಲು ಆ ಮಾತಿನಲ್ಲಿ 'ಸ' ಇರಲಿಲ್ಲ. 1981ರಲ್ಲಿ ಅವರು ತೀರಿಕೊಳ್ಳುವವರೆಗೂ ಪಾಠ ಹೇಳಿದ್ದು, ಬೈದದ್ದು, ನಕ್ಕದ್ದು ಎಲ್ಲ ಅದೇ ಹಲ್ಲಿನಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಅದು ಒಂದು ಸಲವೂ ಸಡಿಲವಾಗಲಿಲ್ಲ.