ಕೊಟ್ಟ ಮಗು, ಕಡಿಯದ ನಂಟು: ದತ್ತಕದ ಗುಟ್ಟು ಮತ್ತು ವಿವಾಹನಿಷೇಧ

ನದಿಯಲ್ಲಿ ತೇಲಿಬಿಟ್ಟ ಪೆಟ್ಟಿಗೆಯೆಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವವನು ಕರ್ಣ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳ ಕೈಯಲ್ಲಿ ಕುಂತಿಯ ಗುಟ್ಟು ಅಣ್ಣನನ್ನು ತಮ್ಮ ಕೊಲ್ಲುವ ದುರಂತದಲ್ಲಿ ಮುಗಿಯುತ್ತದೆ. ಜೈನ ಕಥಾಪರಂಪರೆಯಲ್ಲಿ ಇಂಥದೇ ಇನ್ನೊಂದು ಪೆಟ್ಟಿಗೆಯಿದೆ; ಅದು ಮುಟ್ಟುವುದು ರಣರಂಗವನ್ನಲ್ಲ, ಮದುವೆಯ ಚಪ್ಪರವನ್ನು. ಮಥುರೆಯ ವೇಶ್ಯೆ ಕುಬೇರಸೇನೆ ತನ್ನ ಅವಳಿ ಮಕ್ಕಳನ್ನು ಹೆಸರು ಕೆತ್ತಿದ ಉಂಗುರಗಳೊಡನೆ ಯಮುನೆಯಲ್ಲಿ ತೇಲಿಬಿಡುತ್ತಾಳೆ. ಶೌರ್ಯಪುರದ ಇಬ್ಬರು ವರ್ತಕರಲ್ಲಿ ಒಬ್ಬ ಗಂಡುಮಗುವನ್ನೂ ಇನ್ನೊಬ್ಬ ಹೆಣ್ಣುಮಗುವನ್ನೂ ಒಯ್ದು ಸಾಕುತ್ತಾರೆ. ಬೆಳೆದ ಕುಬೇರದತ್ತ, ಕುಬೇರದತ್ತೆಯರಿಗೆ ಪರಸ್ಪರ ಮದುವೆಯಾಗುತ್ತದೆ. ಆಟಕ್ಕೆ ಕುಳಿತಾಗ ಉಂಗುರಗಳ ಹೋಲಿಕೆ ಕಣ್ಣಿಗೆ ಬೀಳುತ್ತದೆ. ಸಾಕಿದವರನ್ನು ಒತ್ತಾಯಿಸಿ ಕೇಳಿದ ಮೇಲೆ ನಿಜ ಹೊರಬೀಳುತ್ತದೆ. ಸಂಘದಾಸಗಣಿಯ ಪ್ರಾಕೃತ 'ವಸುದೇವಹಿಂಡಿ'ಯಲ್ಲಿಯೂ 12ನೆಯ ಶತಮಾನದ ಹೇಮಚಂದ್ರನ 'ಪರಿಶಿಷ್ಟಪರ್ವ'ದಲ್ಲಿಯೂ ಈ ಕಥೆ ಬರುತ್ತದೆ.

ದಿಗಂಬರ ಪರಂಪರೆಯಲ್ಲಿ ಇದೇ ಕಥೆಗೆ ಬೇರೊಂದು ರೂಪವಿದೆ. ಅಲ್ಲಿ ಊರು ಉಜ್ಜಯಿನಿ, ವೇಶ್ಯೆ ವಸಂತತಿಲಕೆ. ಅವಳು ಮಕ್ಕಳಲ್ಲಿ ಒಂದನ್ನು ನಗರದ ಒಂದು ಬಾಗಿಲಲ್ಲಿ, ಇನ್ನೊಂದನ್ನು ಮತ್ತೊಂದು ಬಾಗಿಲಲ್ಲಿ ಬಿಡಿಸುತ್ತಾಳೆ. ಮಗಳು ಕಮಲೆ ಪ್ರಯಾಗದ ವ್ಯಾಪಾರಿಯ ಪಾಲಾದರೆ, ಮಗ ಧನದೇವ ಸಾಕೇತದ ವ್ಯಾಪಾರಿಯ ಪಾಲಾಗುತ್ತಾನೆ. ಕಾರ್ತಿಕೇಯಾನುಪ್ರೇಕ್ಷೆಗೆ 16ನೆಯ ಶತಮಾನದ ಶುಭಚಂದ್ರನು ಬರೆದ ಟೀಕೆಯಲ್ಲಿ ಈ ರೂಪವನ್ನು ನೋಡಬಹುದು. ಆ ಗ್ರಂಥವನ್ನು 1960ರಲ್ಲಿ ಸಂಪಾದಿಸಿ ಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು. ಹೊರನಾಡಿನ ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಅವರ ಸ್ಥಾನವನ್ನು ನಾವಿನ್ನೂ ಸರಿಯಾಗಿ ಗುರುತಿಸಿಲ್ಲವೆಂದು ಪ್ರಾಸಂಗಿಕವಾಗಿ ಹೇಳಬಯಸುತ್ತೇನೆ.

ಈ ಎರಡು ರೂಪಗಳ ವ್ಯತ್ಯಾಸ ಸಣ್ಣದಲ್ಲ. ಶೌರ್ಯಪುರದ ವರ್ತಕರಿಗೆ ಮಕ್ಕಳು ಒಂದೇ ಪೆಟ್ಟಿಗೆಯಿಂದ ಬಂದವರೆಂಬುದು ಗೊತ್ತು. ಗೊತ್ತಿದ್ದೂ ಮದುವೆ ಮಾಡುತ್ತಾರೆ. ಪ್ರಯಾಗ, ಸಾಕೇತಗಳ ವ್ಯಾಪಾರಿಗಳಿಗೆ ಏನೂ ಗೊತ್ತಿಲ್ಲ. ಮೊದಲನೆಯದು ತಿಳಿದವರು ಬಾಯಿ ಬಿಡದ ಕಥೆ, ಎರಡನೆಯದು ತಿಳಿದವರೇ ಇಲ್ಲದ ಕಥೆ. ದತ್ತಕದ ಗೌಪ್ಯವನ್ನು ಕುರಿತು ಚರ್ಚಿಸುವಾಗ ಇವೆರಡನ್ನೂ ಒಂದೇ ಎಂದು ಎಣಿಸುವ ರೂಢಿಯುಂಟು, ಅದು ಸರಿಯಲ್ಲ.

ಕಥೆಯ ಉತ್ತರಾರ್ಧದಲ್ಲಿ ಧನದೇವ ವ್ಯಾಪಾರಕ್ಕಾಗಿ ಉಜ್ಜಯಿನಿಗೆ ಹೋಗಿ, ಅರಿಯದೆ ತನ್ನ ತಾಯಿಯೊಡನೆಯೇ ಬಾಳಿ ಮಗುವೊಂದನ್ನು ಪಡೆಯುತ್ತಾನೆ. ಮುನಿಯಿಂದ ನಿಜ ತಿಳಿದ ಕಮಲೆ ಅಲ್ಲಿಗೆ ಬಂದು ತೊಟ್ಟಿಲಿನ ಶಿಶುವನ್ನು ನೀನು ನನಗೆ ತಮ್ಮ, ಸೋದರಳಿಯ, ಮೈದುನ, ಮಗ, ಚಿಕ್ಕಪ್ಪ, ಮೊಮ್ಮಗ ಎಂದು ಕರೆಯುತ್ತಾಳೆ. ಆ ಶಿಶುವಿನೊಡನೆ ಆರು, ಧನದೇವನೊಡನೆ ಆರು, ವಸಂತತಿಲಕೆಯೊಡನೆ ಆರು, ಒಟ್ಟು ಹದಿನೆಂಟು ನಂಟುಗಳು. ಕಥೆಗಾರನ ಉದ್ದೇಶ ವೈರಾಗ್ಯಬೋಧನೆ. ಆದರೆ ಲೌಕಿಕ ದೃಷ್ಟಿಯಿಂದ ನೋಡಿದರೆ ಇದೊಂದು ಸಂಬಂಧವಾಚಕಗಳ ಕುಸಿತ. ಕರೆಯಲು ಒಂದು ಹೆಸರು ನಿಲ್ಲದ ಮಗುವಿನ ಚಿತ್ರ. ವಡ್ಡಾರಾಧನೆಯ ಕಾರ್ತಿಕಋಷಿಯ ಕಥೆಯಲ್ಲಿಯೂ ಬಾಲಕನಿಗೆ ಸತ್ಯ ಗೋಚರಿಸುವುದು ಸಂಬಂಧವಾಚಕವೊಂದರ ಮೂಲಕವೇ. ಓರಗೆಯ ಹುಡುಗರಿಗೆ ಅಜ್ಜನ ಮನೆಯಿಂದ ಉಡುಗೊರೆ ಬಂದಾಗ ಅವನು ತನ್ನ ಅಜ್ಜನೆಲ್ಲಿ ಎಂದು ತಾಯಿಯನ್ನು ಕೇಳುತ್ತಾನೆ. ನಿನ್ನ ತಂದೆಯೇ ನನ್ನ ತಂದೆ ಎಂಬ ಉತ್ತರ ಬರುತ್ತದೆ. ಜನ್ನನಂತೂ 1209ರ ಯಶೋಧರಚರಿತೆಯಲ್ಲಿ ಇದನ್ನು ಜನ್ಮಾಂತರಗಳಿಗೆ ಹರಡಿದ್ದಾನೆ. ತಾಯಿ ಮಗ ಆಡುಗಳಾಗಿ ಕೂಡುತ್ತಾರೆ. ಕೊನೆಗೆ ಅವರೇ ಅವಳಿಗಳಾಗಿ ಹುಟ್ಟುವಾಗ ಹಿಂದಿನ ಜನ್ಮದ ಮಗನೇ ಈಗಿನ ತಂದೆ.

ಜೈನ ಕವಿಗೆ ಈ ಗೋಜಲಿಗೆ ಮೇರೆಯಿಲ್ಲ. ಧರ್ಮಶಾಸ್ತ್ರಕಾರನಿಗೆ ಮೇರೆ ಬೇಕು, ಏಕೆಂದರೆ ಅವನು ಮದುವೆಗಳನ್ನು ನಡೆಸಬೇಕಾದವನು. ಈ ಮೇರೆಯನ್ನು ಹಾಕಿದ ಗ್ರಂಥ ಹುಟ್ಟಿದ್ದು ನಮ್ಮ ನೆಲದಲ್ಲಿ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದ. 'ಸಪಿಂಡ'ವೆಂಬ ಪದದಲ್ಲಿನ ಪಿಂಡಕ್ಕೆ ಶ್ರಾದ್ಧದ ಅನ್ನದುಂಡೆಯೆಂಬ ಅರ್ಥವನ್ನು ಬಿಟ್ಟು ಅವನು ಶರೀರವೆಂಬ ಅರ್ಥವನ್ನು ಹಿಡಿದ: ಒಂದೇ ಶರೀರದ ಅಂಶಗಳು ಯಾರಲ್ಲಿ ಹರಿದುಬಂದಿವೆಯೋ ಅವರು ಸಪಿಂಡರು. ಹಾಗಾದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಸಪಿಂಡರಾಗಿಬಿಡುತ್ತಾರಲ್ಲ ಎಂಬ ಆಕ್ಷೇಪವನ್ನು ಅವನೇ ಎತ್ತಿಕೊಂಡು, ತಾಯಿಯ ಕಡೆಯಿಂದ ಐದು, ತಂದೆಯ ಕಡೆಯಿಂದ ಏಳು ತಲೆಮಾರು ಎಂಬ ಗಡಿಯಿಂದ ಅದನ್ನು ಪರಿಹರಿಸುತ್ತಾನೆ. ಸುಮಾರು ನೂರು ವರ್ಷಗಳ ಅನಂತರ ಜನ್ನನು ಗಡಿಯಿಲ್ಲದೆ ಚಿತ್ರಿಸಿದ್ದು ಇದೇ ಆಕ್ಷೇಪವನ್ನು. ಒಬ್ಬರು ಇನ್ನೊಬ್ಬರನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಇಬ್ಬರೂ ಒಂದೇ ಭಯದ ಎದುರು ನಿಂತವರು ಎಂದಷ್ಟೇ ನನ್ನ ಅಭಿಪ್ರಾಯ.

ಸಪಿಂಡತೆ ಶರೀರದ್ದಾದರೆ ದತ್ತಕದಿಂದ ಅದು ಕಡಿಯದು. ಹೋಮದಿಂದ ಗೋತ್ರ ಬದಲಾದೀತು, ಪಿತ್ರಾರ್ಜಿತದ ಹಕ್ಕು ಬದಲಾದೀತು, ಮೈಯ ಅಂಶ ಬದಲಾಗದು. ಆದ್ದರಿಂದ ದತ್ತಪುತ್ರನು ಹುಟ್ಟಿದ ಮನೆ, ಸೇರಿದ ಮನೆ ಎರಡನ್ನೂ ವಿವಾಹದಲ್ಲಿ ವರ್ಜಿಸಬೇಕೆಂದು ನಿಬಂಧಕಾರರು ವಿಧಿಸಿದರು. 1790ರಲ್ಲಿ ಪಂಢರಪುರದ ಕಾಶೀನಾಥ ಉಪಾಧ್ಯಾಯನು ಬರೆದ ಧರ್ಮಸಿಂಧುವಿನವರೆಗೂ ಈ ಮಾತು ಬಂದಿದೆ. ಎರಡು ಮನೆಗಳನ್ನು ವರ್ಜಿಸಬೇಕಾದರೆ ಎರಡು ಮನೆಗಳೂ ಗೊತ್ತಿರಬೇಕಷ್ಟೆ. ಅದಕ್ಕೆ ತಕ್ಕ ಏರ್ಪಾಡು ವಾಸಿಷ್ಠ ಧರ್ಮಸೂತ್ರದಲ್ಲಿಯೇ ಇದೆ. ದತ್ತು ಪಡೆಯುವವನು ಬಂಧುಗಳನ್ನು ಕರೆಯಿಸಬೇಕು, ರಾಜನಿಗೆ ತಿಳಿಸಬೇಕು, ಮನೆಯ ನಡುವೆ ಹೋಮ ಮಾಡಿ ಹತ್ತಿರದ ನಂಟರ ಮಗುವನ್ನೇ ಸ್ವೀಕರಿಸಬೇಕು. ನಂಟರು ಅಲ್ಲಿ ಸಾಕ್ಷಿಗಳು. ಅಂದರೆ ಶಾಸ್ತ್ರೋಕ್ತ ದತ್ತಕ ಬಹಿರಂಗವಾದ ಕ್ರಿಯೆ. ಮಗುವಿನಿಂದ ಹುಟ್ಟನ್ನು ಮುಚ್ಚಿಡುವುದೇ ನಮ್ಮ ಸಂಪ್ರದಾಯವೆಂದು ಇಂದು ಹೇಳುವವರಿಗೆ ಶಾಸ್ತ್ರದ ಬೆಂಬಲವಿಲ್ಲ.

ಆದರೆ ದಕ್ಷಿಣದವರಾದ ನಮ್ಮಲ್ಲಿ ಇನ್ನೊಂದು ತೊಡಕುಂಟು. ಬೌಧಾಯನನು ದಾಕ್ಷಿಣಾತ್ಯರ ಆಚಾರಗಳಲ್ಲಿ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದನ್ನು ಹೆಸರಿಸಿದ್ದಾನೆ. ವಿಜಯನಗರ ಕಾಲದ ಪರಾಶರಮಾಧವೀಯವು ಮಾವನ ಮಗಳ ವಿವಾಹವನ್ನು ಸಮರ್ಥಿಸಿದೆ. ಇತ್ತ ದತ್ತಕಕ್ಕೂ ನಾವು ಹತ್ತಿರದವರನ್ನೇ ಹುಡುಕುತ್ತೇವೆ. ಅಕ್ಕತಂಗಿಯರ ಮಗನನ್ನು ದ್ವಿಜರು ದತ್ತು ತೆಗೆದುಕೊಳ್ಳಬಾರದೆಂದು 17ನೆಯ ಶತಮಾನದ ಕಾಶಿಯಲ್ಲಿ ನಂದಪಂಡಿತನು ದತ್ತಕಮೀಮಾಂಸೆಯಲ್ಲಿ ಬರೆದರೂ ದಕ್ಷಿಣದ ರೂಢಿ ಅದಕ್ಕೆ ಮಣಿಯಲಿಲ್ಲ. ಹೋಮವಿಲ್ಲದೆ ಮಡಿಲಿಗೆ ಹಾಕುವುದೇ ದತ್ತಕವಾಗಿದ್ದ ಸಮುದಾಯಗಳಲ್ಲಂತೂ ಆ ನಿಷೇಧದ ಪ್ರಶ್ನೆಯೇ ಇರಲಿಲ್ಲ. ಹೀಗೆ ಕೊಡುವ ಮನೆ, ಹೆಣ್ಣು ತರುವ ಮನೆ ಎರಡೂ ಒಂದೇ ಆಗುತ್ತವೆ. ತಂಗಿಯೊಬ್ಬಳು ತನ್ನ ಎರಡನೆಯ ಮಗನನ್ನು ಮಕ್ಕಳಿಲ್ಲದ ಅಣ್ಣನ ಮಡಿಲಿಗೆ ಹಾಕಿದಳೆನ್ನೋಣ. ಒಡಹುಟ್ಟಿದವರಿಬ್ಬರು ಆ ದಿನದಿಂದ ಅತ್ತೆಯ ಮಗ, ಮಾವನ ಮಗ. ಹುಟ್ಟಿನ ಮಾತು ಮುಚ್ಚಿಹೋದರೆ ಮುಂದಿನ ತಲೆಮಾರಿನಲ್ಲಿ ಒಬ್ಬನ ಮಗ, ಇನ್ನೊಬ್ಬನ ಮಗಳು ಕೊಟ್ಟು ತರಲು ಹೇಳಿಮಾಡಿಸಿದ ಜೋಡಿಯಾಗಿ ಕಾಣುತ್ತಾರೆ. ಗೋತ್ರ ಬೇರೆ, ಬೆಡಗು ಬೇರೆ, ಬಳಕೆ ಹಳೆಯದು. ವಾಸ್ತವದಲ್ಲಿ ಅವರು ಅಣ್ಣತಮ್ಮಂದಿರ ಮಕ್ಕಳು. ನಮ್ಮ ಕ್ರಮದಂತೆ ಅಣ್ಣತಂಗಿಯರೇ. ಉತ್ತರ ಭಾರತದಲ್ಲಿ ಇಂಥ ಪ್ರಮಾದಕ್ಕೆ ಅವಕಾಶ ಕಡಿಮೆ, ಅಲ್ಲಿ ಈ ಎರಡು ಮನೆಗಳ ನಡುವೆ ಮದುವೆಯ ಮಾತೇ ಏಳುವುದಿಲ್ಲ.

ಇದು ಕೇವಲ ತರ್ಕವಲ್ಲ. ಬಹಳ ವರ್ಷಗಳ ಹಿಂದೆ ಪುಣೆಯಲ್ಲಿ ನೆಲೆಸಿದ ವಿಜಯಪುರದ ಕಡೆಯ ಕುಟುಂಬವೊಂದರ ನಿಶ್ಚಿತಾರ್ಥಕ್ಕೆ ನಾನು ಹೋಗಿದ್ದೆ. ವರನ ತಂದೆಯೂ ವಧುವಿನ ತಂದೆಯೂ ಮಾವನ ಮಗ, ಅತ್ತೆಯ ಮಗ ಎಂದೇ ಬೆಳೆದವರು. ಹೆತ್ತವರು, ಪಡೆದವರು ಎಲ್ಲರೂ ತೀರಿಹೋಗಿದ್ದರು. ಹಿಂದಿನ ದಿನವಷ್ಟೇ ಊರಿನಿಂದ ಕರೆತಂದಿದ್ದ ಅಜ್ಜಿಯೊಬ್ಬರು ಯಾರಿಗೆ ಯಾರೆಂದು ಎರಡು ಬಾರಿ ಕೇಳಿ ತಿಳಿದುಕೊಂಡು, "ಇವರಿಬ್ಬರ ಅಪ್ಪಂದಿರು ಒಂದ ಹೊಟ್ಟ್ಯಾಗ ಹುಟ್ಟ್ಯಾರ, ಹೆಂಗ ಕೊಡ್ತೀರಿ?" ಎಂದರು. ಕಾರ್ಯ ನಿಂತಿತು. ಹುಡುಗ ಹುಡುಗಿಯರ ಬಗೆಗೆ ಎಲ್ಲರೂ ಮರುಗಿದರು. ನನ್ನ ಕಣ್ಣಿಗೆ ಕಟ್ಟಿರುವುದು ಐವತ್ತೈದು ದಾಟಿದ ಆ ತಂದೆಯ ಮುಖ. ತಾನು ದತ್ತಕನೆಂಬುದು ಅವರಿಗೆ ಗೊತ್ತಾದದ್ದು ಬೀಗರೆಲ್ಲ ಕುಳಿತ ಹಜಾರದಲ್ಲಿ.

ಊರಿನಲ್ಲಿದ್ದಿದ್ದರೆ ಮಾತು ಇಷ್ಟು ದೂರ ಬರುತ್ತಿರಲಿಲ್ಲ. ಅಲ್ಲಿ ಮಗುವಿಗೆ ಮಾತ್ರ ಗುಟ್ಟು, ಓಣಿಗೆ ಗುಟ್ಟಲ್ಲ. ಹೆಣ್ಣು ನೋಡುವ ಹೊತ್ತಿಗೆ ಯಾರಾದರೊಬ್ಬರು ಹಿರಿಯರನ್ನು ಬದಿಗೆ ಕರೆದು ಹೇಳುತ್ತಿದ್ದರು. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದ ಕುಟುಂಬಗಳು ಗುಟ್ಟನ್ನು ಜೊತೆಗೆ ತಂದವು, ಅದನ್ನು ಕಾಯುತ್ತಿದ್ದ ಓಣಿಯನ್ನು ತರಲಾಗಲಿಲ್ಲ. ಮದುವೆಯ ಸಂಬಂಧವನ್ನು ಮಾತ್ರ ಊರ ಕಡೆಯಿಂದಲೇ ಬಯಸಿದವು.

ಕಾಯಿದೆಯ ಕಡೆಗೆ ತಿರುಗಿದರೆ, 1955ರ ಹಿಂದೂ ವಿವಾಹ ಕಾಯಿದೆ ವಿಜ್ಞಾನೇಶ್ವರನ ಗಡಿಯನ್ನು ತಂದೆಯ ಕಡೆ ಐದಕ್ಕೂ ತಾಯಿಯ ಕಡೆ ಮೂರಕ್ಕೂ ಇಳಿಸಿತು. ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿತು. 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 12ನೆಯ ಕಲಮು ದತ್ತಕದಿಂದ ಹುಟ್ಟಿದ ಮನೆಯ ಸಂಬಂಧಗಳೆಲ್ಲ ಕಡಿಯುವುವೆಂದು ಹೇಳಿ, ಅಲ್ಲಿದ್ದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ಮುಂದೆಯೂ ಆಗುವಂತಿಲ್ಲವೆಂಬ ಷರತ್ತನ್ನು ಸೇರಿಸಿತು. ಇದು ಮಿತಾಕ್ಷರೆಯ ನೇರ ವಾರಸಿಕೆ. ಆದರೆ ಅದೇ ಕಾಯಿದೆ ದತ್ತಹೋಮ ಅನಿವಾರ್ಯವಲ್ಲವೆಂದಿತು. ನೋಂದಣಿಯನ್ನೂ ಕಡ್ಡಾಯ ಮಾಡಲಿಲ್ಲ. ನಿಷೇಧ ಉಳಿಯಿತು, ಸಾಕ್ಷಿ ಹೋಯಿತು.

ಪರಿತ್ಯಕ್ತ ಶಿಶುಗಳದು ಬೇರೆಯೇ ಚರಿತ್ರೆ. ಸ್ಮೃತಿಗಳು ಹನ್ನೆರಡು ಬಗೆಯ ಪುತ್ರರಲ್ಲಿ 'ಅಪವಿದ್ಧ'ನೆಂದು ಅಂಥವನನ್ನು ಎಣಿಸಿದ್ದವು. ಕಲಿಯುಗಕ್ಕೆ ಔರಸ, ದತ್ತಕರಿಬ್ಬರೇ ಎಂದು ಮುಂದಿನವರು ಅವನನ್ನು ಕೈಬಿಟ್ಟರು. 1956ರ ಕಾಯಿದೆಯಲ್ಲಿಯೂ ತೊರೆದುಹೋದ, ತಂದೆತಾಯಿ ಯಾರೆಂದು ತಿಳಿಯದ ಮಕ್ಕಳನ್ನು ನ್ಯಾಯಾಲಯದ ಅನುಮತಿಯಿಂದ ಪೋಷಕರು ದತ್ತು ಕೊಡುವ ಅವಕಾಶ ಬಂದದ್ದು 1962ರ ತಿದ್ದುಪಡಿಯಿಂದ. ಇವರು ಪ್ರಯಾಗ, ಸಾಕೇತಗಳ ಮಕ್ಕಳು. ಇಂಥ ಮಕ್ಕಳ ದತ್ತಕ ಇಂದು ಬಹುಮಟ್ಟಿಗೆ ನಡೆಯುವ 2015ರ ಬಾಲನ್ಯಾಯ ಕಾಯಿದೆಯ 63ನೆಯ ಕಲಮು ಹುಟ್ಟಿದ ಮನೆಯ ಸಂಬಂಧಗಳೆಲ್ಲ ಕಡಿದುವೆಂದು ಹೇಳುತ್ತದೆ. ಮೊದಲೇ ಪ್ರಾಪ್ತವಾದ ಆಸ್ತಿಗೆ ಮಾತ್ರ ವಿನಾಯಿತಿ. ವಿವಾಹನಿಷೇಧದ ಷರತ್ತು ಅಲ್ಲಿಲ್ಲ. ವಿವಾಹ ಕಾಯಿದೆ ರಕ್ತಸಂಬಂಧವನ್ನೂ ದತ್ತಕಸಂಬಂಧವನ್ನೂ ಎಣಿಕೆಗೆ ತೆಗೆದುಕೊಳ್ಳುವುದರಿಂದ ಹಿಂದೂಗಳ ಮಟ್ಟಿಗೆ ಲೋಪ ಪೂರ್ಣವಲ್ಲವೆಂದು ವಾದಿಸಬಹುದು. ಆದರೆ ಆಸ್ತಿ ನೆನಪಾದಲ್ಲಿ ಮದುವೆ ನೆನಪಾಗದೆ ಹೋದದ್ದು ಗಮನಾರ್ಹ. ದತ್ತಕ ನಿಯಮಾವಳಿಗಳು ಪ್ರಾಪ್ತವಯಸ್ಕರಿಗೆ ಮೂಲವನ್ನು ಅರಸುವ ಅವಕಾಶ ಕೊಟ್ಟಿವೆ, ಹೆತ್ತವರ ಗೌಪ್ಯಕ್ಕೆ ಭಂಗವಾಗದಂತೆ. ಮಗುವನ್ನು ಬಿಟ್ಟುಕೊಟ್ಟ ತಾಯಿಗೆ ಆ ರಕ್ಷೆ ಬೇಕೇ ಬೇಕು. ಕುಂತಿಯನ್ನು ಓದಿದ ಯಾರೂ ಅದನ್ನು ಅಲ್ಲಗಳೆಯಲಾರರು.

ಹೆಸರು ಹೇಳದೆಯೂ ಎಚ್ಚರಿಕೆ ಕೊಡಲು ಸಾಧ್ಯವೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ನಿದರ್ಶನವಿದೆ. 1926ರಲ್ಲಿ ಅಲ್ಲಿ ದತ್ತಕ ಶಾಸನಬದ್ಧವಾಯಿತು. 1975ರಲ್ಲಿ ವಯಸ್ಕರಿಗೆ ಮೂಲ ಜನನದಾಖಲೆ ನೋಡುವ ಹಕ್ಕು ಬಂತು. 2002ರ ಕಾಯಿದೆ, ಹದಿನೆಂಟು ತುಂಬುವ ಮೊದಲೇ ಮದುವೆಯಾಗಬಯಸುವ ದತ್ತಕ ವ್ಯಕ್ತಿ ಕೇಳಿದರೆ, ವಧೂವರರು ನಿಷಿದ್ಧ ಸಂಬಂಧದವರಂತೆ ಕಾಣುವರೋ ಇಲ್ಲವೋ ಎಂಬಷ್ಟನ್ನು ಮುಖ್ಯ ನೋಂದಣಾಧಿಕಾರಿ ತಿಳಿಸಬೇಕೆಂದು ವಿಧಿಸಿತು. ವಿವಾಹವಯಸ್ಸು 2023ರಲ್ಲಿ ಹದಿನೆಂಟಕ್ಕೇರಿದ್ದರಿಂದ ಅದರ ಪ್ರಯೋಜನ ಅಲ್ಲಿ ತೀರಿದೆ, ಆದರೆ ಉಪಾಯ ಉಪಾಯವೇ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳು ಅರಿಯದೆ ಮದುವೆಯಾದರೆಂದು 2008ರ ಜನವರಿಯಲ್ಲಿ ಅಲ್ಲಿನ ಪತ್ರಿಕೆಗಳು ಬರೆದದ್ದನ್ನು ಕೆಲವರು ಕೇಳಿರಬಹುದು. ಮೇಲ್ಮನೆಯಲ್ಲಿ ಸದಸ್ಯರೊಬ್ಬರು ಆಡಿದ ಮಾತೇ ಅದರ ಮೂಲ. ಹೆಸರಾಗಲಿ ನ್ಯಾಯಾಲಯದ ಕಡತವಾಗಲಿ ಹೊರಬರಲಿಲ್ಲ. ಅದನ್ನು ಪ್ರಮಾಣವಾಗಿ ಬಳಸುವಂತಿಲ್ಲ.

ಹೊರನಾಡಿನ ಸಂಶೋಧಕರಲ್ಲಿ ನನ್ನದೊಂದು ವಿನಂತಿ. ಹಳೆಯ ಕನ್ನಡ ಕುಟುಂಬಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯಲ್ಲೋ ಕನ್ನಡದಲ್ಲೋ ಬರೆದ ದತ್ತಕಪತ್ರಗಳು ಇರುವ ಸಂಭವವಿದೆ. ಜಮೀನು ಮಾರಿದ ಮೇಲೆ ಅವನ್ನು ಕೇಳುವವರಿಲ್ಲ. ಕೊಟ್ಟವರಾರು, ಪಡೆದವರಾರು, ಸಾಕ್ಷಿ ಹಾಕಿದ ನಂಟರಾರು ಎಂಬುದು ಅಲ್ಲಿ ದೊರೆತೀತು. ಪ್ರಕಟಿಸುವಾಗ ಹೆಸರುಗಳನ್ನು ಬಿಡಬೇಕು, ಮನೆಯವರಿಗೆ ಓದಿ ಹೇಳುವಾಗ ಬಿಡಬಾರದು. ಪುಣೆಯ ಆ ಮನೆಯಲ್ಲಿ ನಾವು ಹುಡುಕಿದೆವು; ಕಾಗದವೇನೂ ಇರಲಿಲ್ಲ. ಅಜ್ಜಿ ಮರುವರ್ಷ ತೀರಿಕೊಂಡರು.