ಕುಂಡದ ತರಕಾರಿಗಳ ಕೀಟ ನಿಯಂತ್ರಣ, ಬೈಕುಲ್ಲಾ

1862ರಲ್ಲಿ ತೆರೆದ ರಾಣಿಬಾಗ್ ಉದ್ಯಾನ ಬಿಟ್ಟರೆ ಮುಂಬಯಿಯ ಬೈಕುಲ್ಲಾದಲ್ಲಿ ಸೊಪ್ಪು, ಮೆಣಸಿನಕಾಯಿ ಬೆಳೆಯಲು ಸಿಗುವುದು ಹೆಚ್ಚಾಗಿ ಕಿಟಕಿಯ ಗ್ರಿಲ್ಲು, ತಾರಸಿಯ ಮೂಲೆ. ಅಡುಗೆಮನೆಗೆ ಇಷ್ಟು ಹತ್ತಿರವಿರುವ ಗಿಡಕ್ಕೆ ಕೊಲ್ಲುವ ಮದ್ದಿಗಿಂತ ತಡೆಯುವ ಉಪಾಯವೇ ಸರಿ. ಮೆಣಸಿನ ಎಳೆಚಿಗುರಿನ ಕಂಕುಳಲ್ಲಿ ಹತ್ತಿಯಂತೆ ಅಂಟಿರುವ ಹಿಟ್ಟುತಿಗಣೆಯನ್ನು ನೋಡಿ: ಅದರ ಸಿಹಿ ಅಂಟಿಗೆ ಇರುವೆಗಳು ಸಾಲುಗಟ್ಟಿ, ಶತ್ರುಕೀಟಗಳನ್ನು ಅಟ್ಟಿ ಅದನ್ನು ಕಾಯುತ್ತವೆ. ಆದ್ದರಿಂದ ಮೊದಲು ಇರುವೆಯ ದಾರಿ ಕಡಿಯಬೇಕು, ತಿಗಣೆಯನ್ನು ನೀರಿನ ರಭಸಕ್ಕೆ ತೊಳೆಯಬೇಕು. ಆಮೇಲೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಬೇಕು.

ಬೇವು ನಿಧಾನ ಎಂಬ ಆಕ್ಷೇಪ ನಿಜವೇ. ಅದರ ಅಜಾಡಿರಾಕ್ಟಿನ್ ಹುಳುವಿನ ಹಸಿವು, ಬೆಳವಣಿಗೆಗಳನ್ನು ಕೆಡಿಸುತ್ತದೆ, ತಕ್ಷಣ ಕೆಡವುವುದಿಲ್ಲ. ಬಿಸಿಲಿಗೆ ಬೇಗ ಕರಗುತ್ತದೆ, ಮುಂಬಯಿ ಮಳೆಗೆ ತೊಳೆದುಹೋಗುತ್ತದೆ. ಆದರೆ ತಿನ್ನುವ ಸೊಪ್ಪಿನ ಮೇಲೆ ಉಳಿಯದಿರುವುದು ಗುಣವೇ ತಾನೆ? ‘ನೈಸರ್ಗಿಕ’ವೆಲ್ಲ ನಿರಪಾಯವೂ ಅಲ್ಲ: ತಂಬಾಕಿನ ಕಷಾಯದ ನಿಕೋಟಿನ್ ಮನುಷ್ಯರಿಗೂ ವಿಷ. ಇನ್ನು ಶತ್ರುಕೀಟಗಳು. ಕಾಫಿಯ ಹಸಿರು ಶಲ್ಕಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದ ಕ್ರಿಪ್ಟೋಲೀಮಸ್ ಜೀರುಂಡೆ ಆ ಕೆಲಸದಲ್ಲಿ ಸೋತು, ಹಿಟ್ಟುತಿಗಣೆಯ ಬೇಟೆಯಲ್ಲಿ ಹೆಸರಾಯಿತು. ಅದರ ಮರಿಯೂ ಬಿಳಿ ಮೇಣ ಹೊದ್ದಿರುವುದರಿಂದ ತಿಗಣೆಯೆಂದೇ ಭ್ರಮಿಸಿ ಹೊಸಕುವವರಿದ್ದಾರೆ.