ವಾತಾಪಿಯಿಂದ ಪಟ್ಟದಕಲ್ಲಿಗೆ

ಬಾದಾಮಿಯ ಚಾಲುಕ್ಯರ ಮೂರು ನಗರಗಳು ಮಲಪ್ರಭಾ ನದಿಯ ಸೀಮೆಯಲ್ಲಿ ಒಂದಕ್ಕೊಂದು ಸಮೀಪವಾಗಿಯೇ ಇರುವುವೆಂಬುದು ವಾಚಕರಿಗೆ ವಿದಿತವಾಗಿದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರು; ಅಲ್ಲಿಂದ ಐಹೊಳೆಗೆ ಇನ್ನು ಸುಮಾರು 13. ಈಚೆಗೆ ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ಮೋಟಾರಿನಲ್ಲಿ ನನ್ನನ್ನು ಈ ಮಾರ್ಗವಾಗಿ ಕರೆದುಕೊಂಡು ಹೋದರು. ಹೊರಡುವಾಗಲೇ ಅವರು ಒಂದು ಮಾತನ್ನಾಡಿದರು: “ಮೇಷ್ಟ್ರೇ, ಪಟ್ಟದಕಲ್ಲಿನ ದೊಡ್ಡ ಗುಡಿಯ ಶಿಲ್ಪ ನಮ್ಮದಲ್ಲವಂತೆ. ವಿಕ್ರಮಾದಿತ್ಯನು ಕಂಚಿಯ ಶಿಲ್ಪಿಗಳನ್ನು ಸೆರೆಹಿಡಿದು ತಂದು ಕಟ್ಟಿಸಿದನಂತೆ. ತಾವೇ ಪಾಠದಲ್ಲಿ ಹೇಳಿದ್ದಿರಿ.” ನಾನು ಹಾಗೆ ಹೇಳಿದ್ದುದು ನಿಜ. ಹೇಳಿದ ಮಾತು ಸರಿಯೋ ಅಲ್ಲವೋ ಎಂಬುದನ್ನು ಆ ಕಲ್ಲುಗಳ ಮುಂದೆಯೇ ವಿಚಾರಿಸಬೇಕೆಂದು ನಿಶ್ಚಯಿಸಿದೆನು.

ಮೊದಲು ಬಾದಾಮಿ. ಕೆಂಪು ಬಂಡೆಗಳ ಎರಡು ಗುಡ್ಡಗಳು, ಅವುಗಳ ನಡುವೆ ಅಗಸ್ತ್ಯತೀರ್ಥ. ಒಂದನೆಯ ಪುಲಕೇಶಿಯು ಇಲ್ಲಿ ದುರ್ಗವನ್ನು ಕಟ್ಟಿಸಿದುದನ್ನು 543ರ ಬಂಡೆಶಾಸನವೂ, ಮಂಗಳೇಶನು ಮೂರನೆಯ ಗುಹಾಲಯವನ್ನು ವಿಷ್ಣುವಿಗೆ ಅರ್ಪಿಸಿದುದನ್ನು 578ರ ಶಾಸನವೂ ತಿಳಿಸುತ್ತವೆ. ನಮ್ಮ ವಿಚಾರಕ್ಕೆ ಮುಖ್ಯವಾದುದು ಉತ್ತರದ ಗುಡ್ಡದ ಒಂದು ಬಂಡೆಯ ನೆತ್ತಿಯಲ್ಲಿ ನಿಂತಿರುವ ಮಾಲೆಗಿತ್ತಿ ಶಿವಾಲಯ. ಇದು ಚಿಕ್ಕದಾದರೂ ಸರ್ವಾಂಗಪೂರ್ಣವಾದ ದ್ರಾವಿಡ ವಿಮಾನ; ಇದರ ಶಿಖರಕ್ಕೆ ಎಂಟು ಮುಖಗಳಿವೆ. ಇದರ ಕಾಲ 7ನೆಯ ಶತಮಾನ. ಕಂಚಿಯಲ್ಲಿ ಪಲ್ಲವ ರಾಜಸಿಂಹನು ಕೈಲಾಸನಾಥ ದೇವಾಲಯವನ್ನು ಕಟ್ಟಿಸಿದುದು 8ನೆಯ ಶತಮಾನದ ಆದಿಭಾಗದಲ್ಲಿ. ಹಾಗಾದರೆ ದ್ರಾವಿಡ ವಿಮಾನವನ್ನು ಎತ್ತುವ ವಿದ್ಯೆ ಆ ದೇವಾಲಯಕ್ಕೆ ಮುಂಚೆಯೇ ಚಾಲುಕ್ಯರ ನಾಡಿನಲ್ಲಿ ಇದ್ದಿತಷ್ಟೆ.

ಇದೇ ಬಾದಾಮಿಯ ಇನ್ನೊಂದು ಬಂಡೆಯ ಮೇಲೆ ಸವೆದುಹೋದ ಒಂದು ಶಾಸನವಿದೆ. ಅದು ಚಾಲುಕ್ಯರದಲ್ಲ, 642ರ ಸುಮಾರಿಗೆ ವಾತಾಪಿಯನ್ನು ಹಿಡಿದ ಪಲ್ಲವ ನರಸಿಂಹವರ್ಮನದು. ಗೆದ್ದವನು ಸೋತವನ ಮನೆಯಂಗಳದಲ್ಲಿ ಬರೆಯಿಸಿದ ಬರಹವದು.

ಪಟ್ಟದಕಲ್ಲನ್ನು ಹಿಂದಿರುಗುವಾಗ ನೋಡುವುದೆಂದು ಬಿಟ್ಟು ಐಹೊಳೆಗೆ ಹೋದೆವು. ಅಲ್ಲಿ ಗುಡ್ಡದ ಮೇಲಿನ ಮೇಗುಟಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಪ್ರಶಸ್ತಿಯಿದೆ. ಶಕವರ್ಷ 556, ಅಂದರೆ 634ರ ಆ ಬರಹದಲ್ಲಿ ಹರ್ಷನ ಸೋಲನ್ನು ಹೇಳಿದ ಕವಿಯು, ಪಲ್ಲವರ ದೊರೆ ಕಂಚಿಯ ಗೋಡೆಗಳ ಮರೆಯನ್ನು ಸೇರಿದನೆಂದೂ ಹೇಳುತ್ತಾನೆ. ಇನ್ನು ಎಂಟೇ ವರ್ಷಗಳಲ್ಲಿ ವಾತಾಪಿಯೇ ಪಲ್ಲವರ ಕೈಸೇರುವುದೆಂಬುದನ್ನು ಆತನು ಹೇಗೆ ಬಲ್ಲನು? ಜಯಾಪಜಯಗಳ ಈ ಚಕ್ರವನ್ನು ಅಲ್ಲಿ ನೆನೆದಾಗ ಮನಸ್ಸು ಭಾರವಾಯಿತು.

ಹೊತ್ತು ಇಳಿಯುವ ವೇಳೆಗೆ ಪಟ್ಟದಕಲ್ಲನ್ನು ಸೇರಿದೆವು. ಇಲ್ಲಿ ಮಲಪ್ರಭೆ ಉತ್ತರವಾಹಿನಿ. ಗಳಗನಾಥ, ಜಂಬುಲಿಂಗ ಮೊದಲಾದ ನಾಗರಶಿಖರದ ಗುಡಿಗಳೂ, ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನವೆಂಬ ದ್ರಾವಿಡ ಗುಡಿಗಳೂ ಒಂದೇ ಅಂಗಳದಲ್ಲಿ ನಿಂತಿರುವುವು. 1987ರಲ್ಲಿ ಈ ಸಮುದಾಯವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂಗಮೇಶ್ವರವು ವಿಜಯಾದಿತ್ಯನ ಕಾಲದ್ದು. ಆತನ ಆಳ್ವಿಕೆ 733ರ ಸುಮಾರಿಗೆ ಮುಗಿಯಿತು. ಆತನ ಮಗನಾದ ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿಯು, ಪತಿಯು ಕಂಚಿಯನ್ನು ಮೂರು ಬಾರಿ ಗೆದ್ದುದರ ಸ್ಮರಣೆಗಾಗಿ ವಿರೂಪಾಕ್ಷವನ್ನು ಕಟ್ಟಿಸಿದಳು. ಅಂದು ಅದಕ್ಕೆ ಲೋಕೇಶ್ವರವೆಂದು ಹೆಸರು.

ಈ ಗುಡಿಯಲ್ಲಿ ಕಂಚಿಯ ಛಾಯೆ ಇಲ್ಲವೆನ್ನುವುದು ಹಠವಾದೀತು. ಚಿಕ್ಕ ಗುಡಿಗಳ ಸಾಲುಳ್ಳ ಪ್ರಾಕಾರವು ಕೈಲಾಸನಾಥವನ್ನು ನೆನಪಿಗೆ ತರುತ್ತದೆ. ಆದರೆ ವಿಮಾನದ ಮುಂದೆ ಚಾಚಿದ ಶುಕನಾಸವು ಚಾಲುಕ್ಯರದೇ. ಪಡೆದುದೂ ಉಂಟು, ಮೊದಲೇ ಇದ್ದುದೂ ಉಂಟು.

ಇನ್ನು ಸೆರೆಯ ಮಾತು. ಇಲ್ಲಿಯ ಶಾಸನಗಳಲ್ಲಿ ಒಂದು, ಗುಡಿಯನ್ನು ಕಟ್ಟಿದ ಗುಂಡನೆಂಬ ಶಿಲ್ಪಿಗೆ ಅರಸನು ಪಟ್ಟವನ್ನು ಕಟ್ಟಿ ‘ತ್ರಿಭುವನಾಚಾರಿ’ ಎಂಬ ಬಿರುದನ್ನಿತ್ತನೆಂದು ಸಾರುತ್ತದೆ. ಇನ್ನೊಂದು ಸರ್ವಸಿದ್ಧಿ ಆಚಾರಿಯನ್ನು ದಕ್ಷಿಣದಿಕ್ಕಿನ ಸೂತ್ರಧಾರಿಯೆಂದು ಹೊಗಳುತ್ತದೆ. ‘ದಕ್ಷಿಣ’ ಎಂದಮಾತ್ರಕ್ಕೆ ಕಂಚಿಯೇ ಆಗಬೇಕೆಂಬ ನಿಯಮವಿಲ್ಲ; ಕಂಚಿಯೇ ಆದರೂ ಸೆರೆಯಾಳನ್ನು ಹೀಗೆ ಬಿರುದಿನಿಂದ ಕರೆಯುವುದುಂಟೆ?

ಇದಕ್ಕೆ ಕಂಚಿಯಲ್ಲಿಯೇ ಬಲವಾದ ಸಾಕ್ಷಿಯಿದೆ. ಕೈಲಾಸನಾಥದ ಕಂಬವೊಂದರಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವುಂಟು. ನಗರವನ್ನು ಗೆದ್ದ ಅರಸನು ಆ ದೇವರ ಐಶ್ವರ್ಯವನ್ನು ಕಂಡೂ ಕೊಳ್ಳದೆ ದೇವರಿಗೇ ಹಿಂದಕ್ಕೆ ಬಿಟ್ಟುಕೊಟ್ಟನೆಂಬುದೇ ಅದರ ಸಾರ. ವಾತಾಪಿಯಲ್ಲಿ ಪಲ್ಲವರು ಬರೆಯಿಸಿದುದಕ್ಕೆ ಒಂದು ಶತಮಾನದ ತರುವಾಯ ಚಾಲುಕ್ಯನು ಕೊಟ್ಟ ಉತ್ತರವಿದು. ದೇವರ ಹೊನ್ನನ್ನೇ ಮುಟ್ಟದವನು ಶಿಲ್ಪಿಗಳನ್ನು ಕಟ್ಟಿ ಎಳೆತಂದನೆಂದು ಆಧಾರವಿಲ್ಲದೆ ಹೇಳುವುದು ನ್ಯಾಯವಲ್ಲ.

ನನ್ನ ಶಿಷ್ಯರು ಗುಂಡನ ಹೆಸರಿದ್ದ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಬಳಿಕ, “ಹಾಗಾದರೆ ಪಾಠವನ್ನು ತಿದ್ದಿಕೊಳ್ಳೋಣವೇ ಮೇಷ್ಟ್ರೇ?” ಎಂದು ಕೇಳಿದರು. “ಮೊದಲು ತಿದ್ದಿಕೊಳ್ಳಬೇಕಾದವನು ನಾನು” ಎಂದೆನು. ಅಂದು ನನ್ನಿಂದ ಆ ಪಾಠವನ್ನು ಕೇಳಿದವರು ಈಗ ಹಲವು ಊರುಗಳಲ್ಲಿ ಚೆದುರಿಹೋಗಿದ್ದಾರೆ. ಅವರಲ್ಲಿ ಕೆಲವರ ಕಣ್ಣಿಗಾದರೂ ಈ ಲೇಖನವು ಬೀಳಲೆಂದೇ ಇದನ್ನು ಬರೆದಿದ್ದೇನೆ.